ಸರ್ವರಿಗೂ ಇರಲಿ ಮೆಗಾಬ್ಲಾಕ್

ಸಂಪಾದಕರಿಗೆ ನಮಸ್ಕಾರ.

ಮುಂಬೈ ವಡಗಾದಿಯ ಒಂದು ಕೆಮಿಕಲ್ ಪೇಢಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕಂಪ್ಯೂಟರ್ ಕಲಿತವನಲ್ಲ. ಆದರೂ ಸರ್ವರ್, ಅಂದರೆ ಆಫೀಸಿನ ಲೆಕ್ಕವೆಲ್ಲ ಒಂದೇ ಕಡೆ ಇರುವ ಕಂಪ್ಯೂಟರ್ ಬಗ್ಗೆ ಪತ್ರ ಬರೆಯುವ ಹಾಗಾಯಿತು.

ಕಳೆದ ತಿಂಗಳು 19ನೇ ತಾರೀಕು. ಮರುದಿನವೇ ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ ತುಂಬಲು ಕೊನೆಯ ದಿನ. ಅವತ್ತು ನಮ್ಮ ಊಟವೂ ಕೀಬೋರ್ಡ್ ಪಕ್ಕದಲ್ಲೇ. ಮಧ್ಯಾಹ್ನ ಎರಡೂವರೆಗೆ ಎಎಂಸಿ (ವಾರ್ಷಿಕ ದುರಸ್ತಿ ಗುತ್ತಿಗೆ) ಹುಡುಗ ಬಂದ. "ಫರ್ಮ್‌ವೇರ್ ಅಪ್‌ಡೇಟ್ ಬಾಕಿ ಇದೆ ಅಂಕಲ್, ಐದೇ ನಿಮಿಷ" ಅಂದ. ಫರ್ಮ್‌ವೇರ್ ಅಂದರೆ ಯಂತ್ರದ ಭಾಗಗಳೊಳಗೇ ಕೂತು ಅವನ್ನು ನಡೆಸುವ ಸಾಫ್ಟ್‌ವೇರ್. ಏಳು ಕಂಪ್ಯೂಟರ್‌ಗಳಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಓಡುತ್ತಿತ್ತು. ಎಲ್ಲ ಮುಚ್ಚಿಸಿ ಸರ್ವರ್‌ಗೆ ರೀಸ್ಟಾರ್ಟ್ ಕೊಟ್ಟ. ಫ್ಯಾನುಗಳು ಹಿಟ್ಟಿನ ಗಿರಣಿ ಹಾಗೆ ಕೂಗಿದವು. ಆಮೇಲೆ ಕಪ್ಪು ಪರದೆಯ ಮೇಲೆ ಒಂದು ಸಾಲು: ಡಿಸ್ಕುಗಳು 'ಫಾರಿನ್' ಅಂತೆ! ನಾವೇ ದುಡ್ಡು ಕೊಟ್ಟು ಹಾಕಿಸಿದ ಡಿಸ್ಕು, ಇದ್ದ ಡಬ್ಬಿಯಲ್ಲೇ ಕೂತು ಪರದೇಶಿ ಆಗಿಬಿಟ್ಟಿತ್ತು. ಒಂದು ಡಿಸ್ಕು ಹೋದರೂ ಡೇಟಾ ಉಳಿಯುವಂತೆ ಹಲವು ಡಿಸ್ಕುಗಳನ್ನು ಜೋಡಿಸಿ ನಡೆಸುವ ರೇಡ್ ಕಂಟ್ರೋಲರ್‌ಗೆ ಹೊಸ ಫರ್ಮ್‌ವೇರ್ ಬಂದ ಮೇಲೆ ಹಳೇ ಗುರುತು ಸಿಗಲಿಲ್ಲವಂತೆ. ಹುಡುಗನ ಕೈ ನಡುಗುತ್ತಿತ್ತು. "ಕ್ಲಿಯರ್ ಒತ್ಬೇಡ ಮಾರಾಯ, ಎಲ್ಲ ಹೋಗುತ್ತೆ! ಇಂಪೋರ್ಟ್ ಒತ್ತು" ಅಂತ ಅವನ ಸೀನಿಯರ್ ಫೋನಿನಲ್ಲಿ ಕಿರುಚಿದ್ದು ನನಗೂ ಕೇಳಿಸಿತು.

ಡೇಟಾ ಉಳಿಯಿತು. ಆದರೆ ಬಿಲ್ ತೆಗೆಯುವ ಹೊತ್ತಿಗೆ ರಾತ್ರಿ ಒಂಬತ್ತು. ಸೂರತ್‌ಗೆ ಹೊರಟಿದ್ದ ಟೆಂಪೊ, ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಇಲ್ಲದೆ ಬಾಗಿಲಲ್ಲೇ ನಿಂತಿತ್ತು. ಡ್ರೈವರ್ ಬಾಯಿಗೆ ಬಂದ ಹಾಗೆ ಬೈದದ್ದು ನನಗೆ!

"ಇನ್ನು ಅಪ್‌ಡೇಟೇ ಬೇಡ" ಅಂದರು ನಮ್ಮ ಶೇಠ್. ಅದೂ ಸರಿಯಲ್ಲ. 2019ರ ನವೆಂಬರಿನಲ್ಲಿ ಸರ್ವರ್ ಮಾಡುವ ಎಚ್‌ಪಿಇ ಕಂಪನಿಯೇ ಒಂದು ಎಚ್ಚರಿಕೆ ಕೊಟ್ಟಿತ್ತು. ಅವರ ಕೆಲವು ಎಸ್‌ಎಸ್‌ಡಿ ಡಿಸ್ಕುಗಳು 32,768 ಗಂಟೆ ಓಡಿದ ಮೇಲೆ ಕೆಟ್ಟುಹೋಗುತ್ತವೆ, ಡೇಟಾ ವಾಪಸ್ ಬರುವುದಿಲ್ಲ, ಹೊಸ ಫರ್ಮ್‌ವೇರ್ ಹಾಕಿಕೊಳ್ಳಿ ಅಂತ. ಲೆಕ್ಕದವನಲ್ವಾ, ಕೂಡಿಸಿ ನೋಡಿದೆ: 3 ವರ್ಷ, 270 ದಿನ, 8 ಗಂಟೆ. ಒಂದೇ ದಿನ ಹಾಕಿಸಿದ ಡಿಸ್ಕುಗಳು ಒಟ್ಟೊಟ್ಟಿಗೇ ಹೋದರೆ ರೇಡ್ ಇದ್ದೂ ಏನು ಸುಖ?

ಅಪ್‌ಡೇಟ್ ಮಾಡಲಿ, ಆದರೆ ರೈಲ್ವೆಯವರನ್ನು ನೋಡಿ ಕಲಿಯಲಿ. ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್‌ಗೆ ನಾವೆಲ್ಲ ಬೈಯುತ್ತೇವೆ. ಆದರೆ ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ಅಂತ ಮೊದಲೇ ತಿಳಿಸುತ್ತಾರೆ. ಮಾಟುಂಗಾ–ಮುಲುಂಡ್ ನಡುವೆ ಕೆಲಸ ಇದ್ದರೆ ಸ್ಲೋ ಗಾಡಿಗಳನ್ನು ಫಾಸ್ಟ್ ಟ್ರ್ಯಾಕಿಗೆ ಹಾಕುತ್ತಾರೆ. ದೊಡ್ಡ ಕಂಪನಿಗಳೂ ಹೀಗೇ ಮಾಡುತ್ತವಂತೆ. ಕೆಲಸವನ್ನೆಲ್ಲ ಪಕ್ಕದ ಸರ್ವರ್‌ಗೆ ಸರಿಸಿ, ಖಾಲಿಯಾದದ್ದಕ್ಕೆ ಕೈ ಹಾಕುತ್ತವೆ. ನಮ್ಮಲ್ಲಿರುವುದು ಒಂದೇ. ಹಾಗಾಗಿ ಭಾನುವಾರವೇ ಗತಿ.

ಈಗ ಹುಡುಗ ಮೂರು ದಿನ ಮೊದಲು ಮೇಲ್ ಹಾಕಬೇಕು. ತೆರಿಗೆ ಗಡುವಿನ 7, 11, 20ನೇ ತಾರೀಕುಗಳ ಹತ್ತಿರ ಸುಳಿಯಬಾರದು. ಬ್ಯಾಕಪ್ ತೆಗೆದರೆ ಸಾಲದು, ಬೇರೆ ಕಂಪ್ಯೂಟರಿನಲ್ಲಿ ತೆರೆದು ಕಳೆದ ವಾರದ ಒಂದು ಬಿಲ್ ನನಗೆ ತೋರಿಸಬೇಕು. ಹಳೇ ಫರ್ಮ್‌ವೇರ್ ಪೆನ್‌ಡ್ರೈವ್‌ನಲ್ಲಿರಬೇಕು. ಯುಪಿಎಸ್ ಬ್ಯಾಟರಿ ನಾನೇ ನೋಡುತ್ತೇನೆ, ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ಮೊನ್ನೆ ಭಾನುವಾರ ಮೊದಲ ಸಲ ಹೀಗೆ ಮಾಡಿದೆವು. ಡೊಂಬಿವಿಲಿಯಿಂದ ಹೊರಟ ನಾನೇ ಮುಕ್ಕಾಲು ಗಂಟೆ ತಡ. ಮೆಗಾಬ್ಲಾಕ್! ಶನಿವಾರದ ನಿಮ್ಮ ಪತ್ರಿಕೆಯಲ್ಲೇ ಬಂದಿತ್ತು, ನಾನು ನೋಡಿರಲಿಲ್ಲ. ಹುಡುಗ ನೋಡಿದ್ದ.

— ಓದುಗ, ಡೊಂಬಿವಿಲಿ ಪೂರ್ವ