ಗೆಳೆಯನಿಗೊಂದು ಪತ್ರ: ನಿನ್ನ ಮುತ್ತಜ್ಜನ ಗಡಿಯಾರ ಯಾರು ಮಾಡಿದ್ದು?

ಪ್ರಿಯ ಗೆಳೆಯ,

ನೀನು ಕಳುಹಿಸಿದ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ಮತ್ತೆ ಮತ್ತೆ ನೋಡಿದೆ. ಜೇಬುಗಡಿಯಾರವೊಂದು ಇಷ್ಟು ತಲೆಮಾರು ದಾಟಿ ಇಷ್ಟು ಚೆನ್ನಾಗಿ ಉಳಿದಿರುವುದು ಅಪರೂಪ. ಡಯಲಿನಲ್ಲಿ ಎಂಟರ ಅಂಕಿಯ ಬಳಿ ಒಂದು ಸಣ್ಣ ಬಿರುಕು ಬಿಟ್ಟರೆ ಬೇರೆ ಊನವೇ ಇಲ್ಲ. ಸೆಕೆಂಡಿನ ಪುಟ್ಟ ಮುಳ್ಳು ಕೂಡ ಇದ್ದಲ್ಲೇ ಇದೆ.

ಒಳಮುಚ್ಚಳದ ಮೇಲೆ ‘ಬ್ರೆಗೆ’ ಎಂದು ಕೊರೆದಿರುವುದನ್ನು ಕಂಡು, ಪ್ಯಾರಿಸ್ಸಿನ ಆ ಮಹಾನ್ ಕುಶಲಕರ್ಮಿಯೇ ಇದನ್ನು ಮಾಡಿದ್ದಿರಬಹುದೇ ಎಂದು ಕೇಳಿದ್ದೀಯ. ಅಲ್ಲ ಕಣಯ್ಯ. ಅಬ್ರಹಾಂ ಲೂಯಿ ಬ್ರೆಗೆ ತೀರಿಕೊಂಡದ್ದು 1823ರಲ್ಲಿ. ನಿನ್ನ ಗಡಿಯಾರಕ್ಕೆ ಮೇಲಿನ ತಿರುಪನ್ನು ತಿರುಗಿಸಿ ಕೀಲಿ ಕೊಡಬೇಕು. ಆಡ್ರಿಯನ್ ಫಿಲಿಪ್ ಎಂಬ ಗಡಿಯಾರಗಾರ 1840ರ ದಶಕದಲ್ಲಿ ಅಂಥ ಏರ್ಪಾಟನ್ನು ರೂಪಿಸಿದ ಮೇಲೆಯೇ ಅದು ರೂಢಿಗೆ ಬಂದದ್ದು. ಅದಕ್ಕೂ ಹಿಂದೆ ಬೇರೆಯೇ ಒಂದು ಪುಟ್ಟ ಕೀಲಿಕೈ ಬೇಕಾಗುತ್ತಿತ್ತು. ಇನ್ನು ಆ ಸಾಲನ್ನು ಪೂರ್ತಿ ಓದು: ‘ಸ್ಪಿರಾಲ್ ಬ್ರೆಗೆ’ ಎಂದಿದೆ. ಅದು ಒಳಗಿನ ಕೂದಲಿನಷ್ಟು ತೆಳುವಾದ ಸುರುಳಿ ಸ್ಪ್ರಿಂಗಿನ ಬಗೆ. ಸುರುಳಿಯ ಹೊರತುದಿಯನ್ನು ಮೇಲಕ್ಕೆತ್ತಿ ಒಳಕ್ಕೆ ಬಾಗಿಸಿದರೆ ಅದು ಎಲ್ಲ ಕಡೆಗೂ ಸಮನಾಗಿ ಹಿಗ್ಗಿ ಕುಗ್ಗುತ್ತದೆ ಎಂದು ಬ್ರೆಗೆ 1795ರಲ್ಲಿ ಕಂಡುಕೊಂಡ. ಆಮೇಲೆ ಆ ಸ್ಪ್ರಿಂಗನ್ನು ಹಾಕಿದವರೆಲ್ಲ ಅವನ ಹೆಸರನ್ನು ಹೆಮ್ಮೆಯಿಂದ ಮುಚ್ಚಳದ ಮೇಲೆ ಕೊರೆಸಿದರು. ಅದರ ಪಕ್ಕದ ‘ಆಂಕ್ರ್’, ‘15 ರುಬಿ’ ಎನ್ನುವವೂ ಹಾಗೆಯೇ: ಲಂಗರಿನಾಕಾರದ ಲಿವರ್ ಇದೆ, ತಿಕ್ಕಾಟವಾಗುವ ಜಾಗಗಳಿಗೆ 15 ಕೆಂಪುಕಲ್ಲು ಕೂರಿಸಿದೆ ಎಂಬ ವಿವರ, ಅಷ್ಟೇ. ಮಾಡಿದವನ ಸಹಿ ಇಡೀ ಮುಚ್ಚಳದಲ್ಲಿ ಎಲ್ಲೂ ಇಲ್ಲ.

ಹಾಗಾದರೆ ಡಯಲಿನ ಮೇಲಿರುವ ಹೆಸರು? ಅದನ್ನು ಎಲ್ಲಕ್ಕಿಂತ ಕಡೆಗೆ ನಂಬಬೇಕು. ಆ ಕಾಲದಲ್ಲಿ ಡಯಲಿನ ಮೇಲೆ ಬಹಳಷ್ಟು ಸಲ ಮಾರಿದ ಅಂಗಡಿಯವನ ಹೆಸರು ಬರೆಸುತ್ತಿದ್ದರು. ‘ಮಾಡಿದವನು’ ಎಂದು ಒಬ್ಬನನ್ನೇ ಹುಡುಕಲು ಹೊರಟರೆ ದಾರಿ ತಪ್ಪುತ್ತೇವೆ. ಇಂಗ್ಲೆಂಡಿನಲ್ಲಿ ಲ್ಯಾಂಕಷೈರಿನ ಪ್ರೆಸ್ಕಾಟ್ ಊರಿನವರು ಒರಟು ಯಂತ್ರವನ್ನು ಮಾಡಿ ಕಳುಹಿಸುತ್ತಿದ್ದರು. ಕಾವೆಂಟ್ರಿಯಲ್ಲೋ ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲೋ ಅದಕ್ಕೆ ನಯಗೆಲಸ ಆಗುತ್ತಿತ್ತು. ಕವಚದವನು ಬೇರೆ, ಡಯಲಿನವನು ಬೇರೆ, ಮುಳ್ಳು ಮಾಡುವವನು ಮತ್ತೊಬ್ಬ. ಕೊನೆಗೆ ಯಾವುದೋ ಊರಿನ ವ್ಯಾಪಾರಿ ಅದರ ಮೇಲೆ ತನ್ನ ಹೆಸರು ಕೆತ್ತಿಸುತ್ತಿದ್ದ. ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳಲ್ಲೂ ಅದೇ ಕಥೆ: ಮನೆಮನೆಗಳಲ್ಲಿ ತಯಾರಾದ ಬಿಡಿಭಾಗಗಳನ್ನು ಒಬ್ಬ ಸಂಗ್ರಹಿಸಿ ಜೋಡಿಸುತ್ತಿದ್ದ. ಈ ಕೈಗಳಲ್ಲಿ ಹೆಚ್ಚಿನವು ಎಲ್ಲೂ ಸಹಿ ಹಾಕಲಿಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ. ಅಷ್ಟು ಸೂಕ್ಷ್ಮ ಕೆಲಸ, ಹೆಸರು ಮಾತ್ರ ಇನ್ನೊಬ್ಬನದು!

ಕವಚಕ್ಕೆ ಬರೋಣ. ಹಿಂಬದಿಯ ಮುಚ್ಚಳದ ಒಳಗೆ ಮೂರು ಪುಟ್ಟ ಕರಡಿಗಳ ಮುದ್ರೆಯೂ 0.935 ಎಂಬ ಅಂಕಿಯೂ ಇವೆಯಲ್ಲ, ನಿನ್ನ ಫೋಟೋಗಳಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಅದೇ. ಅದು ಸ್ವಿಟ್ಜರ್ಲೆಂಡಿನ ಬೆಳ್ಳಿಯ ಮುದ್ರೆ. ಅಲ್ಲಿ 0.800 ಶುದ್ಧತೆಗೆ ಕಾಡುಕೋಳಿ ಜಾತಿಯ ಒಂದು ಹಕ್ಕಿ, 0.875ಕ್ಕೆ ಒಂದು ಕರಡಿ. ಬ್ರಿಟನ್ನಿನಲ್ಲಿ 1887ರಲ್ಲಿ ಸರಕಿನ ಗುರುತುಗಳ ಕಾಯಿದೆ ಬಂದ ಮೇಲೆ, ಅಲ್ಲಿಗೆ ಕಳುಹಿಸುವ ಸ್ವಿಸ್ ಕವಚಗಳಿಗೆಂದು 0.935ಕ್ಕೆ ಮೂರು ಕರಡಿ ಬಂದವು. ಅಲ್ಲಿಗೆ ನಿನ್ನ ಗಡಿಯಾರ 1887ಕ್ಕಿಂತ ಹಳೆಯದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಬ್ರಿಟನ್ನಿನಲ್ಲೇ ಮಾಡಿ ಪರೀಕ್ಷಿಸಿದ ಕವಚವಾಗಿದ್ದರೆ ಲಂಗರು, ಚಿರತೆಯ ತಲೆಯಂಥ ಊರಿನ ಗುರುತೂ ಜೊತೆಗೆ ವರ್ಷ ಸೂಚಿಸುವ ಅಕ್ಷರವೂ ಕಾಣುತ್ತಿತ್ತು. ಪಕ್ಕದ ಉದ್ದನೆಯ ಸಂಖ್ಯೆಯನ್ನು ಇಸವಿ ಹುಡುಕಲು ಬಳಸಬೇಡ. ಆ ಉಪಾಯ ನಡೆಯುವುದು ಅಮೆರಿಕದ ವಾಲ್ತಮ್, ಎಲ್ಜಿನ್‌ಗಳಂಥ ಕಾರ್ಖಾನೆಗಳ ಗಡಿಯಾರಗಳಿಗೆ, ಅದೂ ಯಂತ್ರದ ಮೇಲಿನ ಸಂಖ್ಯೆಗೆ.

ನಿಜವಾದ ಸುಳಿವು ಇರುವುದು ಡಯಲಿನ ಅಡಿಯಲ್ಲಿ. ಸ್ವಿಸ್ ಯಂತ್ರಗಳನ್ನು ತಯಾರಿಸಿದ ಕಾರ್ಖಾನೆಗಳು ತಮ್ಮ ಗುರುತನ್ನು ಎಷ್ಟೋ ಸಲ ಅಲ್ಲಿ ಒತ್ತುತ್ತಿದ್ದವು. ಫಾಂಟೆನ್‌ಮೆಲೋನ್ ಊರಿನ ಕಾರ್ಖಾನೆಯಂತೂ 1793ರಿಂದಲೇ ಅಂಥ ಒರಟು ಯಂತ್ರಗಳನ್ನು ಮಾಡಿ ಬೇರೆಯವರಿಗೆ ಮಾರುತ್ತಿತ್ತು. ಗುರುತು ಇಲ್ಲದಿದ್ದರೂ ತಿರುಪಿನ ದಂಡದ ಬಳಿ, ಮುಳ್ಳು ಹೊಂದಿಸುವ ಸನ್ನೆಕೋಲನ್ನು ಒತ್ತಿ ಹಿಡಿಯುವ ಒಂದು ಉಕ್ಕಿನ ತಗಡು ಇರುತ್ತದೆ. ಅದರ ಅಂಚು, ಬಾಗು, ತಿರುಪುಮೊಳೆಗಳ ಜಾಗ ಒಂದೊಂದು ಯಂತ್ರಕ್ಕೂ ಒಂದೊಂದು ಬಗೆ, ಬೆರಳಚ್ಚಿನ ಹಾಗೆ. ಹಳೆಯ ಬಿಡಿಭಾಗಗಳ ಕ್ಯಾಟಲಾಗುಗಳಲ್ಲಿ ಆ ತಗಡಿನ ಚಿತ್ರಗಳೇ ಪುಟಗಟ್ಟಲೆ ಇವೆ. ಯಂತ್ರದ ವ್ಯಾಸವನ್ನೂ ಅಳೆಸು. ಗಡಿಯಾರದವರು ಅದನ್ನು ‘ಲೀನ್’ ಲೆಕ್ಕದಲ್ಲಿ ಹೇಳುತ್ತಾರೆ; ಒಂದು ಲೀನ್ ಎಂದರೆ 2.256 ಮಿಲಿಮೀಟರ್. 43 ಮಿಲಿಮೀಟರ್ ಬಂದರೆ ಅದು 19 ಲೀನಿನ ಯಂತ್ರ. ಶಿಲುಬೆಯ ಗುರುತಿನ ಜೊತೆ ಸಂಖ್ಯೆಯಿದ್ದರೆ ಬಿಡದೆ ಬರೆದುಕೋ, ಅದು ಸ್ವಿಸ್ ಪೇಟೆಂಟ್ ಸಂಖ್ಯೆ. ಅಲ್ಲಿ ಪೇಟೆಂಟ್ ಕೊಡಲು ಶುರುವಾದದ್ದು 1888ರಲ್ಲಿ.

ಆದರೆ ಡಯಲನ್ನು ನೀನೇ ತೆಗೆಯಲು ಹೋಗಬೇಡ, ಕೈಮುಗಿದು ಕೇಳುತ್ತೇನೆ. ಎನಾಮೆಲ್ ಎಂದರೆ ತಾಮ್ರದ ತಗಡಿನ ಮೇಲೆ ಕರಗಿಸಿ ಕೂರಿಸಿದ ಗಾಜು. ಎಬ್ಬಿದರೆ ಆ ಸಣ್ಣ ಬಿರುಕು ಅಡ್ಡಡ್ಡಲಾಗಿ ಹರಿಯುತ್ತದೆ. ಹಳೆಯ ಗಡಿಯಾರಗಳನ್ನು ಬಿಚ್ಚಿ ಪಳಗಿದವರ ಮುಂದೆ ಕುಳಿತು ತೆಗೆಸು. ಎಣ್ಣೆ ಒಣಗಿರುತ್ತದೆ, ಆದ್ದರಿಂದ ಅಲ್ಲಿಯವರೆಗೆ ಕೀಲಿ ಕೊಡಲೂ ಬೇಡ. ಬೆಳ್ಳಿಯನ್ನು ಹೊಳಪಿಸಿ ಕೊಡುತ್ತೇವೆ ಎಂದರೆ ಒಪ್ಪಬೇಡ: ಪ್ರತಿ ಉಜ್ಜಿಗೂ ಕರಡಿಗಳು ಒಂದಿಷ್ಟು ಸವೆಯುತ್ತವೆ. ಮುಚ್ಚಳದ ಒಳಗೆ ಸೂಜಿಯಿಂದ ಗೀಚಿದಂಥ ಅಕ್ಷರಗಳಿವೆಯಲ್ಲ, ಅವು ರಿಪೇರಿಗಾರರ ಗುರುತುಗಳು. ಮಾಡಿದವನನ್ನು ಅವು ತೋರಿಸುವುದಿಲ್ಲ. ಆದರೆ ನಿನ್ನ ಮುತ್ತಜ್ಜ ಅದನ್ನು ಕೆಟ್ಟಾಗಲೆಲ್ಲ ಸರಿಮಾಡಿಸಿ ಬಳಸಿದ್ದರ ದಾಖಲೆ ಅವೇ.

ಎಲ್ಲ ಮುಗಿದ ಮೇಲೂ ಹೆಸರು ಸಿಗದೇ ಹೋಗಬಹುದು. ಆಗ ಯಾರಾದರೂ ದೊಡ್ಡ ಹೆಸರೊಂದನ್ನು ಅಂಟಿಸಿ ಬೆಲೆ ಹೇಳಿದರೆ ಕಿವಿಗೊಡಬೇಡ. ‘ಸ್ವಿಸ್ ಲಿವರ್, 1887ರ ನಂತರದ್ದು, ಬೆಳ್ಳಿ ಕವಚ’ ಎಂದು ಚೀಟಿ ಬರೆದು ಜೊತೆಗಿಡು. ಅದರಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ.

ಡಯಲ್ ತೆಗೆಸಿದ ದಿನ ಎರಡು ಫೋಟೋ ಬೇಕು: ಇಡೀ ಯಂತ್ರದ್ದೊಂದು, ಆ ಉಕ್ಕಿನ ತಗಡಿನದ್ದೊಂದು. ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ, ಒತ್ತಿದ ಗುರುತು ಆಗಲೇ ಎದ್ದು ಕಾಣುವುದು. ಕ್ಯಾಟಲಾಗುಗಳ ಜೊತೆ ಹೋಲಿಸುವ ಕೆಲಸ ನನಗಿರಲಿ.

ನಿನ್ನ ಪ್ರೀತಿಯ ಗೆಳೆಯ