ಕೊನೆಯ ಡಬ್ಬಾ ಕಳಿಸಿದ ಮೇಲೆ

ಹೋದ ಶನಿವಾರ ನಮ್ಮ ಮನೆಯಿಂದ ಕೊನೆಯ ಊಟದ ಡಬ್ಬಾ ಹೋಯಿತು. 1991ರಲ್ಲಿ ಮುಂಬಯಿಯ ವಕೋಲಾದ ಚಾಳಿನಲ್ಲಿ ಆರು ಡಬ್ಬಾದಿಂದ ಶುರು ಮಾಡಿದ್ದೆವು. ಈಗ ನನ್ನ ಮೊಣಕಾಲು ಸಾಕು ಅನ್ನುತ್ತಿದೆ. ಒಲೆ ಆರಿಸುವ ಮೊದಲು ಕೆಲವರನ್ನು ನೆನೆಯಬೇಕು.

ನಮ್ಮ ಯಜಮಾನರು ಕುವೈತಿನಲ್ಲಿ ಮೆಕ್ಯಾನಿಕ್ ಆಗಿದ್ದರು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ನುಗ್ಗಿತು. ಸೆಪ್ಟೆಂಬರಿನಲ್ಲಿ ನಾವು ಬಸ್ಸಿನಲ್ಲಿ ಬಾಗ್ದಾದ್ ದಾಟಿ ಜೋರ್ಡಾನ್ ಗಡಿಗೆ ಬಂದೆವು. ಮರಳುಗಾಡಿನಲ್ಲಿ ಒಂಬತ್ತು ದಿನ ಡೇರೆ. ನೀರಿಗೂ ಸಾಲು, ರೊಟ್ಟಿಗೂ ಸಾಲು. ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ. ಟಿಕೆಟ್ ದುಡ್ಡು ಯಾರೂ ಕೇಳಲಿಲ್ಲ. 59 ದಿನದಲ್ಲಿ 488 ವಿಮಾನ, ಲಕ್ಷಕ್ಕೂ ಜಾಸ್ತಿ ಜನ ಅಂತ ಆಮೇಲೆ ಓದಿದೆ. ಆವತ್ತು ನನ್ನ ಲೆಕ್ಕ ಮೂರೇ: ಇವರು, ಮಗ, ಒಂದು ಬ್ಯಾಗು.

ಊರಿಗೆ ಹೋಗಲು ನಾಚಿಕೆ. ಗಲ್ಫಿನಿಂದ ಬರಿಗೈಯಲ್ಲಿ ಬಂದರೆ ಉಡುಪಿ ಕಡೆ ಜನ ಸುಮ್ನೆ ಇರ್ತಾರಾ? ಹಾಗಾಗಿ ಮುಂಬಯಿಯಲ್ಲೇ ಉಳಿದೆವು, ಇವರ ದೊಡ್ಡಮ್ಮನ ಮಗನ ಖೋಲಿಯಲ್ಲಿ. ಮೊದಲೇ ಐದು ಜನ ಇದ್ದರು, ನಾವು ಮೂವರು ಸೇರಿದೆವು. ಹನ್ನೊಂದು ತಿಂಗಳು. ಅತ್ತಿಗೆ, ‘ಎಷ್ಟು ದಿನ ಇರ್ತೀರಿ’ ಅಂತ ನೀವು ಒಮ್ಮೆಯೂ ಕೇಳಲಿಲ್ಲ. ಎಲ್ಲರೂ ಮಲಗಿದ ಮೇಲೆ ನೀವು ಕಾಲು ಮಡಚಿ ಬಾಗಿಲ ಹತ್ತಿರ ಮಲಗುತ್ತಿದ್ದುದು ನನಗೆ ಗೊತ್ತಿತ್ತು.

ಮಹಾನಗರ ಪಾಲಿಕೆಯ ಕನ್ನಡ ಶಾಲೆಯ ದೊಡ್ಡ ಟೀಚರ್ ಟಿ.ಸಿ. ಇಲ್ಲದೆ ಮಗನನ್ನು ಸೇರಿಸಿಕೊಂಡರು. ‘ಯುದ್ಧದ ನಡುವೆ ಟಿ.ಸಿ. ಯಾರು ಕೊಡ್ತಾರೆ ಮಾರಾಯ್ತಿ’ ಅಂದರು, ಅಷ್ಟೇ.

ಪಕ್ಕದ ಖೋಲಿಯ ವಹಿನಿ ತಮ್ಮ ರೇಶನ್ ಸೀಮೆಎಣ್ಣೆಯಲ್ಲಿ ಪಾಲು ಕೊಟ್ಟರು. ಅದೇ ಯುದ್ಧದಿಂದ ಇಲ್ಲೂ ಸೀಮೆಎಣ್ಣೆಗೆ ತತ್ವಾರ ಇತ್ತು, ನೆನಪಿದೆಯಾ? ನಮ್ಮ ಮೊದಲ ಡಬ್ಬಾಗಳ ಸಾರು ಕುದಿದದ್ದು ಅವರ ಎಣ್ಣೆಯಲ್ಲಿ.

ಎಷ್ಟೋ ವರ್ಷದ ಮೇಲೆ, ಕುವೈತಿನಲ್ಲಿ ಕಳೆದುಕೊಂಡದ್ದಕ್ಕೆ ವಿಶ್ವಸಂಸ್ಥೆಯ ಪರಿಹಾರದ ದುಡ್ಡು ಬಂತು. ಅರ್ಜಿ ತುಂಬಿಕೊಟ್ಟ ಅಣ್ಣ ಒಂದು ಚಹಾ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಆ ಪರಿಹಾರ ಇರಾಕಿನ ತೈಲ ಮಾರಿದ ಹಣ. ಅಲ್ಲಿನ ಬಡವರದೂ ಹೌದು ಅಲ್ವಾ? ತೆಗೆದುಕೊಂಡೆವು, ಆದರೆ ಕೈ ಸ್ವಲ್ಪ ಹಿಂಜರಿಯಿತು.

ಇನ್ನೊಬ್ಬರಿದ್ದಾರೆ. ಕುವೈತಿನಲ್ಲಿ ನಮ್ಮ ಮೇಲಿನ ಮನೆಯ ಪ್ಯಾಲೆಸ್ತೀನಿ ಅಕ್ಕ. ಹೊರಡುವಾಗ ನನ್ನ ಮಗನಿಗೆ ಉಣ್ಣೆಯ ಸ್ವೆಟರ್ ಕೊಟ್ಟರು. ಆ ಸೆಕೆಯಲ್ಲಿ ಸ್ವೆಟರಾ ಅಂತ ನಕ್ಕಿದ್ದೆ. ಮರಳುಗಾಡಿನ ರಾತ್ರಿ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿತ್ತು. ಯುದ್ಧ ಮುಗಿದ ಮೇಲೆ ಅವರ ಜನರಲ್ಲಿ ಹೆಚ್ಚಿನವರು ಕುವೈತನ್ನೇ ಬಿಡಬೇಕಾಯಿತು. ನಮಗೆ ಹತ್ತಲು ಒಂದು ವಿಮಾನ, ಇಳಿಯಲು ಒಂದು ದೇಶ ಇತ್ತು. ಅವರು ಎಲ್ಲಿಳಿದರೋ.

ಸ್ವೆಟರ್ ಇನ್ನೂ ಟ್ರಂಕಿನಲ್ಲಿದೆ. ಮುಂಬಯಿಯಲ್ಲಿ ಅದನ್ನು ಹಾಕುವಷ್ಟು ಚಳಿ ಎಲ್ಲಿ ಬೀಳುತ್ತದೆ? ಆದರೂ ಪ್ರತಿ ಮಳೆಗಾಲ ಕಳೆದ ಮೇಲೆ ಬಿಸಿಲಿಗೆ ಹಾಕಿ ತೆಗೆದಿಡುತ್ತೇನೆ.