ಸರ್ಕಾರದ ಷೇರಿಗೆ ಸಲಹೆಗಾರರು, ನಮ್ಮ ಷೇರಿಗೆ ಒಂದು ಸೀಲೂ ಇಲ್ಲ

ಮಾನ್ಯ ಸಂಪಾದಕರೇ,

ಐಡಿಬಿಐ ಬ್ಯಾಂಕ್ ಮಾರಾಟದ ಬಗ್ಗೆ ನಿಮ್ಮ ವಾಣಿಜ್ಯ ಪುಟದಲ್ಲಿ ಬಂದ ವರದಿ ಓದಿದೆ. ಓದಿದ್ದು ನಮ್ಮ ಕುವೆಂಪುನಗರದ ಒಂದು ಬ್ಯಾಂಕಿನ ಬೆಂಚಿನ ಮೇಲೆ, ಮ್ಯಾನೇಜರ್ ಸಾಹೇಬರು ಯಾವಾಗ ಬರುತ್ತಾರೋ ಎಂದು ಕಾಯುತ್ತಾ. ಪತ್ರದಲ್ಲಿ ಖಾರ ಸ್ವಲ್ಪ ಜಾಸ್ತಿ ಅನ್ನಿಸಿದರೆ ಅದೇ ಕಾರಣ. ಬ್ಯಾಂಕಿನ ಹೆಸರು ಬೇಡ. ಐಡಿಬಿಐ ಅಂತೂ ಅಲ್ಲ, ಅಷ್ಟು ಹೇಳಿಬಿಡುತ್ತೇನೆ.

ವರದಿಯಲ್ಲಿ ಎಲ್ಲ ಸಲೀಸಾಗಿದೆ. ಕೇಂದ್ರ ಸರ್ಕಾರದ ಶೇ 30.48, ಎಲ್‌ಐಸಿಯ ಶೇ 30.24, ಎರಡೂ ಸೇರಿ ಬ್ಯಾಂಕಿನ ಶೇ 60.72 ಷೇರು ಮಾರಾಟಕ್ಕೆ. ಅದಕ್ಕೆ ಸಲಹೆಗಾರರು, ವಕೀಲರು, ಲೆಕ್ಕ ಹಾಕುವವರು. ನನ್ನ ಹತ್ತಿರವೂ ಅದೇ ಐಡಿಬಿಐನ ನೂರು ಷೇರು ಇವೆ ಸ್ವಾಮಿ. 1995ರಲ್ಲಿ ಮೊದಲ ಸಲ ಜನರಿಗೆ ಷೇರು ಕೊಟ್ಟಾಗ, ಒಂದಕ್ಕೆ 130 ರೂಪಾಯಿಯಂತೆ ತೆಗೆದುಕೊಂಡದ್ದು. ಇನ್ನೂ ಕಾಗದದ ಸರ್ಟಿಫಿಕೇಟ್ ಆಗಿಯೇ ಇವೆ. 2019ರ ಏಪ್ರಿಲ್ ಆದ ಮೇಲೆ ಕಾಗದದ ಷೇರನ್ನು ಮಾರುವ ಹಾಗಿಲ್ಲ, ಮೊದಲು ಡಿಮ್ಯಾಟ್, ಅಂದರೆ ಕಾಗದದಿಂದ ಕಂಪ್ಯೂಟರ್ ಖಾತೆಗೆ, ಆಗಬೇಕು. ಡಿಮ್ಯಾಟ್ ಆಗಬೇಕಾದರೆ ದಾಖಲೆಯಲ್ಲಿರುವ ಹಳೆಯ ಸಹಿಗೆ ಈಗಿನ ಸಹಿ ಹೊಂದಬೇಕು. ಮೂವತ್ತು ವರ್ಷದ ಹಿಂದಿನ ಸಹಿ ಯಾರಿಗೆ ಹೊಂದುತ್ತದೆ? ಹೊಂದದಿದ್ದರೆ ಐಎಸ್‌ಆರ್-2 ಅಂತ ಒಂದು ಫಾರ್ಮ್. ಅದರಲ್ಲಿ ಬ್ಯಾಂಕಿನ ಅಧಿಕಾರಿ ನನ್ನ ಫೋಟೊ ನೋಡಿ, ಸಹಿ ನೋಡಿ, ತಮ್ಮ ಹೆಸರು, ಹುದ್ದೆ, ನೌಕರರ ಸಂಖ್ಯೆ ಬರೆದು ಸೀಲು ಹೊಡೆಯಬೇಕು. ಕೆಲಸ ಇಷ್ಟೇ.

ಕೌಂಟರಿನ ಹುಡುಗಿ ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅಂಕಲ್, ಇದು ನಮ್ಮ ಬ್ಯಾಂಕಿನ ಫಾರ್ಮ್ ಅಲ್ಲ" ಎಂದಳು. ನಿಮ್ಮದಲ್ಲಮ್ಮ, ಷೇರುಪೇಟೆ ನೋಡಿಕೊಳ್ಳುವ ಸೆಬಿಯದು ಎಂದೆ. "ಸೆಬಿ ಯಾವ ಬ್ರಾಂಚು?" ಎಂದಳು. ನಾನು ಸುಮ್ಮನಾದೆ. ಆಮೇಲೆ ಶುರುವಾಯಿತು ಇನಿಷಿಯಲ್ ಪುರಾಣ. ಷೇರಿನಲ್ಲಿ ನನ್ನ ಹೆಸರಿನ ಹಿಂದೆ ಎರಡು ಅಕ್ಷರ, ಅಷ್ಟೇ. ಪ್ಯಾನ್ ಕಾರ್ಡಿನಲ್ಲಿ ಆ ಎರಡು ಅಕ್ಷರ ಬಿಡಿಸಿ ಊರೂ ಅಪ್ಪನ ಹೆಸರೂ ಉದ್ದಕ್ಕೆ ನಿಂತಿವೆ. ಆಧಾರ್‌ನಲ್ಲಿ ಊರು ಹಿಂದಕ್ಕೆ ಹೋಗಿದೆ. ಪಾಸ್‌ಬುಕ್ಕಿನಲ್ಲಿ ಅಪ್ಪನೇ ಇಲ್ಲ. ಈ ಕಡೆಯ ಜನಕ್ಕೆ ಮನೆತನದ ಹೆಸರು ಇಟ್ಟುಕೊಳ್ಳುವ ಅಭ್ಯಾಸ ಕಮ್ಮಿ ಅನ್ನುವುದು ಮುಂಬೈ, ದೆಹಲಿಯಲ್ಲಿ ಕೂತು ಫಾರ್ಮ್ ಮಾಡುವವರಿಗೆ ಇನ್ನೂ ಗೊತ್ತಾಗಿಲ್ಲ ಅಂತ ಕಾಣುತ್ತದೆ. ನಾಲ್ಕೂ ನಾನೇ ಎಂದು ಅಫಿಡವಿಟ್ ಮಾಡಿಸಿ ಎಂದರು. ನೋಟರಿಗೆ ದುಡ್ಡು, ಛಾಪಾ ಕಾಗದಕ್ಕೆ ದುಡ್ಡು. ನಾನು ನಾನೇ ಎಂದು ಹೇಳಿಕೊಳ್ಳುವುದಕ್ಕೆ!

ಕೊನೆಗೆ ಮ್ಯಾನೇಜರ್ ಬಂದರು. "ಸಹಿ ಅಟೆಸ್ಟ್ ಮಾಡಲು ಮೇಲಿಂದ ಆರ್ಡರ್ ಇಲ್ಲ ಸರ್" ಎಂದರು. ಖಾತೆ ತೆರೆದು ಇಷ್ಟು ಕಾಲವಾಯಿತು, ನನ್ನ ಠೇವಣಿ ಎಲ್ಲ ನಿಮ್ಮಲ್ಲೇ ಇದೆಯಲ್ಲ ಎಂದೆ. ಆಗ ಮುಖ ಅರಳಿತು. "ಹಾಗಾದರೆ ಒಂದು ವಿಮೆ ಮಾಡಿಸಿ ಸರ್, ಒಳ್ಳೇ ಪ್ಲ್ಯಾನ್ ಬಂದಿದೆ." ಅದಕ್ಕೆ ಸಹಿ ಹೇಗಿದ್ದರೂ ನಡೆಯುತ್ತದೆ, ಅಲ್ವಾ?

ಹೊರಗೆ ಬಂದರೆ ರಸ್ತೆ ಅಗೆದು ಹಾಕಿದ್ದಾರೆ. ಪೈಪು ಹಾಕಿ ಮಣ್ಣು ಮುಚ್ಚಿದವರು ಡಾಂಬರು ಮರೆತಿದ್ದಾರೆ. ಫುಟ್‌ಪಾತಿನ ಮೇಲೆ ಎಳನೀರು ಗಾಡಿ, ಗಾಡಿಯ ಮುಂದೆ ಕಾರು, ಕಾರಿನ ಹಿಂದೆ ನನ್ನ ಸ್ಕೂಟರ್. ಇದು ಬೇರೆ ವಿಷಯ, ಬೇರೆ ಪತ್ರ ಬರೆಯುತ್ತೇನೆ. ಹಿಂದೆ ಬರೆದದ್ದನ್ನು ನೀವು ಹಾಕಲಿಲ್ಲ.

ಈ ಐಡಿಬಿಐ ಏನಾಗಿತ್ತು ಎಂದು ಈಗಿನವರಿಗೆ ಗೊತ್ತಿಲ್ಲ. ಎಟಿಎಂ ಇರುವ ಇನ್ನೊಂದು ಬ್ಯಾಂಕ್ ಅಂದುಕೊಂಡಿದ್ದಾರೆ. 1964ರ ಜುಲೈ 1ರಂದು ರಿಸರ್ವ್ ಬ್ಯಾಂಕಿನ ಕೂಸಾಗಿ ಹುಟ್ಟಿದ ಸಂಸ್ಥೆ. 1976ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂತು. ಕಾರ್ಖಾನೆ ಕಟ್ಟುವವರಿಗೆ ದೀರ್ಘಾವಧಿ ಸಾಲ ಕೊಡುವುದೇ ಅದರ ಕೆಲಸ. ದೇಶದಲ್ಲಿ ಸಿಮೆಂಟು, ಉಕ್ಕು, ಗೊಬ್ಬರದ ಕಾರ್ಖಾನೆ ಎದ್ದ ಕಾಲದಲ್ಲಿ ಅದರ ಬಾಗಿಲು ತಟ್ಟದ ಉದ್ಯಮಿ ಕಮ್ಮಿ. ರಾಜ್ಯಗಳ ಹಣಕಾಸು ನಿಗಮಗಳು ಸಣ್ಣ ಕೈಗಾರಿಕೆಗೆ ಕೊಟ್ಟ ಸಾಲಕ್ಕೂ ಹಿಂದಿನಿಂದ ರೀಫೈನಾನ್ಸ್, ಅಂದರೆ ಆ ನಿಗಮಗಳಿಗೇ ಸಾಲ, ಕೊಡುತ್ತಿತ್ತು. ರಫ್ತಿನ ವ್ಯವಹಾರ ಬೇರೆಯಾಗಿ 1982ರಲ್ಲಿ ಎಕ್ಸಿಂ ಬ್ಯಾಂಕ್ ಆಯಿತು. ಸಣ್ಣ ಉದ್ದಿಮೆಯ ಕೆಲಸ 1990ರಲ್ಲಿ ಸಿಡ್ಬಿ ಆಯಿತು. ಎನ್‌ಎಸ್‌ಇ ಎಂಬ ಷೇರುಪೇಟೆ ಕಟ್ಟುವಾಗ ಮುಂದೆ ನಿಂತಿದ್ದು ಇದೇ. ಷೇರುಗಳನ್ನು ಕಾಗದದಿಂದ ಕಂಪ್ಯೂಟರಿಗೆ ಹಾಕುವ ಎನ್‌ಎಸ್‌ಡಿಎಲ್ ಹುಟ್ಟುಹಾಕಿದವರಲ್ಲೂ ಇದೇ. ಅದರದೇ ಷೇರು ನನ್ನ ಬೀರುವಿನಲ್ಲಿ ಕಾಗದವಾಗಿ ಕೂತಿದೆ!

ನಾನು ನಮ್ಮ ಮೈಸೂರಿನ ಬೈಕ್ ಕಾರ್ಖಾನೆ ಐಡಿಯಲ್ ಜಾವಾ ಇದ್ದ ಕಾಲದಲ್ಲಿ ಅದಕ್ಕೆ ಸಣ್ಣಪುಟ್ಟ ಬಿಡಿಭಾಗ ಮಾಡಿಕೊಡುತ್ತಿದ್ದವನು. ಒಂದು ಲೇತ್ ಮೆಷಿನ್ ಸಾಲಕ್ಕೆ ಹೋದಾಗ ಸಾಲ ಕೊಡುವ ಕಚೇರಿಯ ಅಧಿಕಾರಿಗಳು ಶೆಡ್ಡಿಗೆ ಬಂದರು. ಗೋಡೆ ತಟ್ಟಿ ನೋಡಿದರು, ತಗಡು ಎಣಿಸಿದರು. ಮೆಷಿನ್ನಿನ ನಂಬರನ್ನು ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ಇಳಿಸಿಕೊಂಡರು. ಕಾಫಿ ಕುಡಿದರು, ಹೋಗುವಾಗ ಇನ್ನೂ ಏನೋ ನಿರೀಕ್ಷೆ ಇದ್ದ ಹಾಗೆ ನಿಂತರು. ನಮಗೆ ಅಷ್ಟು ಬಿಗಿ. ಆಮೇಲೆ ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪನಿಗೆ ಐಡಿಬಿಐ ಸುಮಾರು 900 ಕೋಟಿ ಸಾಲ ಕೊಟ್ಟಿತಲ್ಲ, ಆಗ ರೆಕ್ಕೆ ತಟ್ಟಿ ನೋಡಿದವರು ಯಾರು? ಸಿಬಿಐ ಕೇಸು ಹಾಕಿತು, 2017ರ ಜನವರಿಯಲ್ಲಿ ಬ್ಯಾಂಕಿನ ಮಾಜಿ ಅಧ್ಯಕ್ಷರನ್ನೇ ಬಂಧಿಸಿತು. ತಪ್ಪು ಯಾರದೆಂದು ಕೋರ್ಟು ಹೇಳಲಿ. ವಿಮಾನ ನಿಂತಿತು, ಮಾಲೀಕರು ಲಂಡನ್ನಿನಲ್ಲಿದ್ದಾರೆ. ಅದಂತೂ ಎಲ್ಲರಿಗೂ ಗೊತ್ತು.

2003ರಲ್ಲಿ ಹಳೆಯ ಕಾಯ್ದೆ ರದ್ದು ಮಾಡಿ, 2004ರಲ್ಲಿ ಅದನ್ನು ಮಾಮೂಲಿ ಬ್ಯಾಂಕ್ ಮಾಡಿದರು. ಸರ್ಕಾರದ ಪಾಲು ಶೇ 51ಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದು ಆಗ ಸಂಸತ್ತಿನಲ್ಲೇ ಭರವಸೆ ಕೊಟ್ಟಿದ್ದರೆಂದು ನೌಕರರ ಸಂಘದವರು ಇವತ್ತಿಗೂ ಕೂಗುತ್ತಿದ್ದಾರೆ. ಕೇಳುವವರು ಯಾರು? ಬ್ಯಾಂಕ್ ಆದ ಹೊತ್ತಿಗೇ 9,000 ಕೋಟಿಯ ಕೆಟ್ಟ ಸಾಲವನ್ನು ಬೇರೆ ನಿಧಿಗೆ ಸಾಗಿಸಿ ಮೈ ತೊಳೆದುಕೊಟ್ಟರು. ಮತ್ತೆ ಕೆಸರು ಮೆತ್ತಿಕೊಂಡು ಬಂತು. 2018-19 ಒಂದೇ ವರ್ಷದಲ್ಲಿ 15,116 ಕೋಟಿ ನಷ್ಟ. ಆಗ ಯಾರನ್ನು ಕರೆದರು? ಎಲ್‌ಐಸಿಯನ್ನು. 21,624 ಕೋಟಿ ಹಾಕಿಸಿ ಶೇ 51 ಕೊಟ್ಟರು. ನಾನು ಕಟ್ಟಿದ ಪ್ರೀಮಿಯಮ್ಮೂ ಅದರಲ್ಲಿ ಇರಬೇಕು. ಅಲ್ಲಿಗೆ ಷೇರುದಾರನಾಗಿಯೂ ನನ್ನ ದುಡ್ಡು, ಪಾಲಿಸಿದಾರನಾಗಿಯೂ ನನ್ನ ದುಡ್ಡು, ತೆರಿಗೆದಾರನಾಗಿಯೂ ನನ್ನ ದುಡ್ಡು. ಸಹಿ ಮಾತ್ರ ನನ್ನದಲ್ಲವಂತೆ.

ತಮಾಷೆ ಇನ್ನೂ ಇದೆ. ಎಲ್‌ಐಸಿ ಬಂದ ಕೂಡಲೇ, 2019ರ ಜನವರಿಯಿಂದಲೇ ಜಾರಿಗೆ ಬರುವ ಹಾಗೆ, ರಿಸರ್ವ್ ಬ್ಯಾಂಕ್ ಇದನ್ನು ಖಾಸಗಿ ಬ್ಯಾಂಕ್ ಎಂದು ವರ್ಗ ಮಾಡಿತು. ಸರ್ಕಾರ ಮತ್ತು ಎಲ್‌ಐಸಿ ಸೇರಿ ಸುಮಾರು ಶೇ 95 ಇಟ್ಟುಕೊಂಡಿರುವ ಖಾಸಗಿ ಬ್ಯಾಂಕ್! ಈಗಾಗಲೇ ಖಾಸಗಿಯಾದದ್ದನ್ನು ಮತ್ತೆ ಖಾಸಗಿ ಮಾಡಲು ಇಷ್ಟೆಲ್ಲ ಪಾಡು. 2016ರ ಬಜೆಟ್ಟಿನಲ್ಲಿ ಜೇಟ್ಲಿಯವರು ಪಾಲು ಶೇ 50ಕ್ಕಿಂತ ಕೆಳಗೆ ಇಳಿಸುವ ಮಾತಾಡಿದರು. 2021ರಲ್ಲಿ ನಿರ್ಮಲಾ ಸೀತಾರಾಮನ್ ಮಾರಿಯೇಬಿಡುತ್ತೇವೆ ಎಂದರು. 2022ರ ಅಕ್ಟೋಬರಿನಲ್ಲಿ ಆಸಕ್ತರು ಬನ್ನಿ ಎಂದು ಕರೆದರು. ನಮ್ಮ ಬೀದಿಯಲ್ಲಿ ಸೈಟು ಮಾರಿಸುವ ಬ್ರೋಕರ್ ಇದಕ್ಕಿಂತ ಚುರುಕಾಗಿದ್ದಾನೆ. ಈ ನಡುವೆ ಬ್ಯಾಂಕ್ ತಾನಾಗಿ ಚೇತರಿಸಿಕೊಂಡಿತು. 2024-25ರಲ್ಲಿ 7,500 ಕೋಟಿಗೂ ಮಿಕ್ಕಿ ಲಾಭ ಮಾಡಿತು. 2020ರ ಮಾರ್ಚಿನಲ್ಲಿ 20 ರೂಪಾಯಿ ಆಸುಪಾಸಿಗೆ ಬಿದ್ದಿದ್ದ ಷೇರು ಎದ್ದು ನಿಂತಿತು. ನಷ್ಟದಲ್ಲಿದ್ದಾಗ ಜನರ ದುಡ್ಡು ಬೇಕು, ಲಾಭ ಬಂದ ಮೇಲೆ ಬೇರೆಯವರು ಬೇಕು. ಇದೇನು ನ್ಯಾಯವೋ ನನಗೆ ತಿಳಿಯದು. ನಿಮ್ಮ ವರದಿಗಾರರಾದರೂ ಈ ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ.

ಕೆಲಸ ಬರದವರೆಲ್ಲ ಖಾಸಗಿ ಆದರೆ ಸರಿ ಹೋಗುತ್ತಾರೆ ಅನ್ನುವುದನ್ನೂ ನಾನು ನಂಬುವುದಿಲ್ಲ. ಮೇಲೆ ಹೇಳಿದ ವಿಮೆ ಮಾರುವ ಮಹಾಶಯರು ಖಾಸಗಿ ಬ್ಯಾಂಕಿನವರೇ. ಮನೆಯ ಖಾತೆ ಬದಲಾವಣೆಗೆ ನನ್ನನ್ನು ಅಲೆಸಿದವರು ಸರ್ಕಾರಿ ಕಚೇರಿಯವರು. ಇಬ್ಬರ ಕೈಯಲ್ಲೂ ಅದೇ ಮೊಬೈಲು, ಬಾಯಲ್ಲಿ ಅದೇ "ನಾಳೆ ಬನ್ನಿ".

ಆದ್ದರಿಂದ ಐಡಿಬಿಐಯನ್ನು ಮಾರುವುದಿದ್ದರೆ ಬೇಗ ಮಾರಲಿ, ಇಲ್ಲವೇ ಮಾರುವುದಿಲ್ಲ ಎಂದು ಒಂದು ಸಲ ಬಾಯಿ ಬಿಟ್ಟು ಹೇಳಲಿ. ಸರ್ಕಾರ ತನ್ನ ಪಾಲು ಮಾರುವ ಮೊದಲು ಸಣ್ಣ ಷೇರುದಾರರ ಕಾಗದಕ್ಕೆ ಸೀಲು ಹೊಡೆಯುವವರು ಯಾರೆಂದು ತೀರ್ಮಾನವಾಗಲಿ. ಹಿರಿಯ ನಾಗರಿಕರಿಗೆ ಬ್ಯಾಂಕಿನಲ್ಲಿ ಒಂದು ಬೇರೆ ಕೌಂಟರ್ ಮಾಡಲಿ. ಬೋರ್ಡು ಇದೆ, ಅದರ ಹಿಂದೆ ಮನುಷ್ಯರಿಲ್ಲ. ಎಲ್‌ಐಸಿಯವರು ಪಾಲಿಸಿದಾರರಿಗೆ ಲೆಕ್ಕ ಕೊಡಲಿ. ಪಾಲಿಕೆಯವರು ಡಾಂಬರು ಹಾಕಲಿ. ಇವರಲ್ಲಿ ಯಾರಿಗೆ ಮೊದಲು ನಾಚಿಕೆಯಾಗುತ್ತದೋ ಅವರು ಮೊದಲು ಶುರು ಮಾಡಲಿ.

– ರೋಸಿಹೋದ ಒಬ್ಬ ಓದುಗ, ಕುವೆಂಪುನಗರ, ಮೈಸೂರು